ನೀರು ಬರಲ್ಲ ಅನ್ನಬಹುದು, ಯಾಕೆ ಬರಲ್ಲ ಅಂತ ಕೇಳೋ ಹಾಗಿಲ್ಲ

2023ರ ಜುಲೈ. ಕೋಲಾರ ಎಪಿಎಂಸಿ ಗೇಟಿನ ಹತ್ತಿರ ಟಿವಿಯವರ ವ್ಯಾನುಗಳು ಸಾಲಾಗಿ ನಿಂತಿದ್ದವು. ಹರಾಜಿನಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ನಾನು ಅಲ್ಲೇ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಹಾಗಾಗಿ ಆ ವಾರ ಯಾರದೋ ಸಂದರ್ಶನದ ಹಿಂದೆ ಬೆನ್ನು ತೋರಿಸಿಕೊಂಡು ಮೂರು ಸಲ ಟಿವಿಯಲ್ಲಿ ಬಂದೆ. ಮೈಕ್ ಹಿಡಿದ ಹುಡುಗನೊಬ್ಬ ನಮ್ಮ ರೈತರೊಬ್ಬರನ್ನು "ಯಜಮಾನ್ರೇ, ಎಷ್ಟು ಕೋಟಿ ಮಾಡಿದ್ರಿ?" ಅಂತ ಕೇಳಿದ. ಅವರು ಹಾಕಿದ್ದು ಮುಕ್ಕಾಲು ಎಕರೆ. "ಕೋಟಿ ಎಲ್ಲಿಂದ ಬರುತ್ತಪ್ಪ, ಹಳೇ ಸಾಲ ತೀರಿದ್ರೆ ಸಾಕು" ಅಂದರು. ರಾತ್ರಿ ನೋಡಿದರೆ ಆ ಮಾತೇ ಇಲ್ಲ. ಅವರ ಮುಖ ಇದೆ, ಕೆಳಗೆ ದಪ್ಪ ಅಕ್ಷರದಲ್ಲಿ "ಕೋಟ್ಯಧಿಪತಿ" ಅಂತ ಇದೆ.

ಆಮೇಲೆ ಬೆಲೆ ಬಿತ್ತು. ಬೀಳುವುದು ನಮಗೇನೂ ಹೊಸದಲ್ಲ. ಬಿಡಿಸಿದ ಕೂಲಿಯೂ ಹುಟ್ಟದ ದಿನಗಳಲ್ಲಿ ಹಣ್ಣನ್ನು ರಸ್ತೆ ಪಕ್ಕ ಸುರಿದು ಹೋಗುವುದನ್ನು ಈ ಕಡೆ ಓಡಾಡುವವರೆಲ್ಲ ನೋಡಿದ್ದಾರೆ. ಆಗ ಹುಡುಕಿದರೂ ಒಂದು ವ್ಯಾನ್ ಸಿಗುವುದಿಲ್ಲ. ಮನೆಯಲ್ಲಿ ಅಪ್ಪ ಕೇಳುವ ಆಕಾಶವಾಣಿ ಮಾತ್ರ ಏರಿದಾಗಲೂ ಇಳಿದಾಗಲೂ ಒಂದೇ ದನಿಯಲ್ಲಿ ಧಾರಣೆ ಓದಿ ಮುಂದಕ್ಕೆ ಹೋಯಿತು. ಕೂಗಾಟ ಇಲ್ಲ, ಸುಳ್ಳೂ ಇಲ್ಲ. ಆದರೆ ಯಾಕೆ ಬಿತ್ತು, ಯಾರು ಲಾಭ ಮಾಡಿಕೊಂಡರು ಅನ್ನೋ ಪ್ರಶ್ನೆಯೂ ಇಲ್ಲ.

ಪಕ್ಷಪಾತ ಅಂದ ತಕ್ಷಣ ನಾವು ಆ್ಯಂಕರ್ ಯಾವ ಪಕ್ಷದ ಪರ ಕಿರುಚಿದ ಅಂತ ಲೆಕ್ಕ ಹಾಕುತ್ತೇವೆ. ಅದು ಕಣ್ಣಿಗೆ ಕಾಣುವ ಪಕ್ಷಪಾತ, ಅಷ್ಟರಮಟ್ಟಿಗೆ ಅಪಾಯವೂ ಕಡಿಮೆ. ಕಾಣದೇ ಇರುವುದು ಬಿಟ್ಟುಹೋದ ಸುದ್ದಿಯಲ್ಲಿದೆ. ಯಾವುದು ಬಿಟ್ಟುಹೋಗುತ್ತದೆ ಅನ್ನುವುದು ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ಸರ್ಕಾರದ್ದು ಕೆಟ್ಟದ್ದಾ, ಖಾಸಗಿಯದ್ದು ಕೆಟ್ಟದ್ದಾ ಅಂತ ಜಗಳ ಆಡುವುದಕ್ಕಿಂತ, ದುಡ್ಡು ಕೊಡುವ ಕೈಗೂ ಸುದ್ದಿ ಬರೆಯುವ ಕೈಗೂ ನಡುವೆ ಎಷ್ಟು ದೂರ ಇದೆ ಅಂತ ನೋಡಿದರೆ ಜಾಸ್ತಿ ಅರ್ಥವಾಗುತ್ತದೆ ಅಂತ ನನ್ನ ಅನಿಸಿಕೆ.

ಮೊದಲು ಖಾಸಗಿ ಚಾನೆಲ್ ನೋಡೋಣ. ತಿಂಗಳ ಕೊನೆಗೆ ಕೇಬಲ್ ಹುಡುಗ ಬಂದು ದುಡ್ಡು ಇಸಿದುಕೊಂಡು ಹೋಗುತ್ತಾನೆ. ಹಾಗಾಗಿ ನಾವೇ ಗಿರಾಕಿಗಳು ಅಂತ ಅಂದುಕೊಂಡಿದ್ದೇವೆ. ಒಂದು ಸಲ ಅಪ್ಪ ಅವನನ್ನು ನಿಲ್ಲಿಸಿ, "ಇದರಲ್ಲಿ ನ್ಯೂಸಿಗೆ ಎಷ್ಟು ಹೋಗುತ್ತಪ್ಪ?" ಅಂತ ಕೇಳಿದರು. "ನ್ಯೂಸೆಲ್ಲ ಫ್ರೀ ಯಜಮಾನ್ರೇ, ದುಡ್ಡು ಸೀರಿಯಲ್ಲಿಗೆ, ಕ್ರಿಕೆಟ್ಟಿಗೆ" ಅಂದ. ಅವನು ಹೇಳಿದ್ದು ಹೆಚ್ಚುಕಡಿಮೆ ಸರಿ. ಕನ್ನಡದ ನ್ಯೂಸ್ ಚಾನೆಲ್‌ಗಳಲ್ಲಿ ಬಹುಪಾಲು ಫ್ರೀ ಚಾನೆಲ್ಲುಗಳೇ. ನೋಡುಗರಿಂದ ಅವಕ್ಕೆ ಹೇಳಿಕೊಳ್ಳುವಂಥ ಆದಾಯ ಇಲ್ಲ. ಬದಲಿಗೆ ಒಳ್ಳೇ ಜಾಗದಲ್ಲಿ ಕಾಣಿಸಿಕೊಳ್ಳಬೇಕು ಅಂದರೆ ಎಷ್ಟೋ ಸಲ ಕೇಬಲ್ ಕಂಪನಿಗೆ ಇವರೇ ದುಡ್ಡು ಕಟ್ಟಬೇಕು. ಉಳಿದ ದಾರಿ ಜಾಹೀರಾತು ಒಂದೇ.

ಜಾಹೀರಾತಿನ ರೇಟು ನಿಂತಿರುವುದು ಟಿಆರ್‌ಪಿ ಮೇಲೆ, ಅಂದರೆ ಎಷ್ಟು ಜನ ನೋಡುತ್ತಾರೆ ಅನ್ನುವ ಅಂದಾಜಿನ ಮೇಲೆ. ಬಾರ್ಕ್ ಅನ್ನುವ ಸಂಸ್ಥೆ ಇದನ್ನು ಅಳೆಯುತ್ತದೆ. ದೇಶದಲ್ಲಿ ಟಿವಿ ಇರುವ ಮನೆ ಸುಮಾರು 21 ಕೋಟಿ ಅಂತ 2020ರಲ್ಲಿ ಅದೇ ಸಂಸ್ಥೆ ಅಂದಾಜು ಮಾಡಿತ್ತು. ಯಾವ ಚಾನೆಲ್ ನೋಡುತ್ತಾರೆ ಅಂತ ಗುರುತಿಸುವ ಮೀಟರ್ ಇಟ್ಟಿರುವ ಮನೆ 55 ಸಾವಿರದ ಆಸುಪಾಸು. ಅಂದರೆ ಒಂದು ಮನೆಯವರು ರಿಮೋಟ್ ಒತ್ತಿದರೆ ಹತ್ತತ್ತಿರ ನಾಲ್ಕು ಸಾವಿರ ಮನೆಯವರು ಒತ್ತಿದ ಹಾಗೆ ಲೆಕ್ಕ. ಇಂಥ ಹತ್ತು ಮನೆಯ ಮೀಟರ್ ಆಚೀಚೆ ಆದರೂ ಸಾಕು, ಸಣ್ಣ ಭಾಷೆಯ ನ್ಯೂಸ್ ಚಾನೆಲ್ಲಿನ ಜಾತಕವೇ ಬದಲಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಟಿಆರ್‌ಪಿ ಹಗರಣ ಅಂತ ಕೇಸು ಹಾಕಿದ ಮೇಲೆ ನ್ಯೂಸ್ ಚಾನೆಲ್‌ಗಳ ರೇಟಿಂಗನ್ನೇ ನಿಲ್ಲಿಸಿದರು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಹತ್ತಿರ ಹತ್ತಿರ ಒಂದೂವರೆ ವರ್ಷ ರೇಟಿಂಗ್ ಇರಲಿಲ್ಲ. ಆಗಲಾದರೂ ಕಿರುಚಾಟ ಕಡಿಮೆ ಆಯಿತಾ? ನನಗಂತೂ ಹಾಗೆ ಕಾಣಲಿಲ್ಲ. ಅಭ್ಯಾಸ ಅಷ್ಟು ಸುಲಭಕ್ಕೆ ಬಿಡೋದಿಲ್ಲ ಅಲ್ವಾ.

ಇನ್ನು ಮಾಲೀಕರು. ಉದಯ ಚೆನ್ನೈನ ಸನ್ ಬಳಗದ್ದು. ಕಸ್ತೂರಿ ಅಂದರೆ ಕುಮಾರಸ್ವಾಮಿಯವರ ಮನೆಯ ಚಾನೆಲ್ ಅಂತ ಊರಿಗೆಲ್ಲ ಗೊತ್ತಿತ್ತು. ಸುವರ್ಣ ನ್ಯೂಸ್ ಬೆಳೆದಿದ್ದು ಆಮೇಲೆ ಕೇಂದ್ರ ಮಂತ್ರಿಯಾದ ರಾಜೀವ್ ಚಂದ್ರಶೇಖರ್ ಅವರ ಬಂಡವಾಳದಲ್ಲಿ. ನ್ಯೂಸ್18 ಬಳಗ 2014ರಲ್ಲಿ ರಿಲಯನ್ಸ್ ಕೈಗೆ ಬಂತು, ಎನ್‌ಡಿಟಿವಿ 2022ರ ಕೊನೆಗೆ ಅದಾನಿ ಕೈಗೆ ಹೋಯಿತು. ಇದರಲ್ಲಿ ಗುಟ್ಟೇನೂ ಇಲ್ಲ. ನ್ಯೂಸ್ ಚಾನೆಲ್ ನಡೆಸಿ ದುಡ್ಡು ಮಾಡುವುದು ಕಷ್ಟ ಅಂತ ಗೊತ್ತಿದ್ದೂ ದುಡ್ಡಿರುವವರು ಕೊಳ್ಳುತ್ತಾರೆ ಅಂದರೆ ಅವರಿಗೆ ಬೇಕಿರುವುದು ಬರೀ ಚಾನೆಲ್ಲಿನ ಲಾಭ ಅಲ್ಲ ಅಂತ ಅನುಮಾನ ಬರುವುದು ಸಹಜ.

ಎಲ್ಲರೂ ಮಾಲೀಕರ ಬಗ್ಗೆಯೇ ಮಾತಾಡುತ್ತಾರೆ, ಆದರೆ ನನ್ನ ಪ್ರಕಾರ ದೊಡ್ಡ ಹಿಡಿತ ಇರುವುದು ಸರ್ಕಾರಿ ಜಾಹೀರಾತಿನಲ್ಲಿ. ಖಾಸಗಿ ಚಾನೆಲ್ ಅಂದರೆ ಸರ್ಕಾರದ ದುಡ್ಡು ಮುಟ್ಟದ ಚಾನೆಲ್ ಅಂತ ಯಾರಾದರೂ ಅಂದುಕೊಂಡಿದ್ದರೆ ಅದು ತಪ್ಪು. ಕೇಂದ್ರದ ಜಾಹೀರಾತು ಸೆಂಟ್ರಲ್ ಬ್ಯೂರೋ ಆಫ್ ಕಮ್ಯುನಿಕೇಷನ್ ಮೂಲಕ ಬರುತ್ತದೆ, ರಾಜ್ಯದ್ದು ವಾರ್ತಾ ಇಲಾಖೆ ಮೂಲಕ. ಸಂಜೆ ಅರ್ಧ ಗಂಟೆ ಕೂತು ನೋಡಿ. ಒಂದು ಬ್ರೇಕಿನಲ್ಲಿ ಗ್ಯಾರಂಟಿ ಯೋಜನೆ, ಇನ್ನೊಂದರಲ್ಲಿ ಕೇಂದ್ರದ ಯೋಜನೆ, ನಡುವೆ ಸೈಟು, ಚಿನ್ನ, ಆಸ್ಪತ್ರೆ, ಇಂಟರ್‌ನ್ಯಾಷನಲ್ ಸ್ಕೂಲು. ನಮ್ಮ ಜನರನ್ನು ಕಾಡುವ ನಾಲ್ಕು ವಿಷಯ ಯಾವುವು? ಜಮೀನು, ಆಸ್ಪತ್ರೆ ಬಿಲ್ಲು, ಸ್ಕೂಲ್ ಫೀಸು, ಸರ್ಕಾರಿ ಕಚೇರಿ. ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರೆ ಸಾಕು, ಯಾಕೆ ಎಲ್ಲಾ ಚಾನೆಲ್‌ಗಳಿಗೂ ಸಿನಿಮಾದವರ ಜಗಳವೇ ಇಷ್ಟ ಅಂತ ಗೊತ್ತಾಗುತ್ತದೆ.

ಸರ್ಕಾರಿ ಜಾಹೀರಾತನ್ನು ಪಕ್ಷದ ಪ್ರಚಾರಕ್ಕೆ ಬಳಸುವ ಬಗ್ಗೆ 2015ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಬಿಟ್ಟು ಬೇರೆಯವರ ಫೋಟೊ ಹಾಕಬಾರದು ಅಂದಿತು. ಒಂದೇ ವರ್ಷ. 2016ರಲ್ಲಿ ಮುಖ್ಯಮಂತ್ರಿ, ಮಂತ್ರಿಗಳ ಫೋಟೊಗೂ ಒಪ್ಪಿಗೆ ಸಿಕ್ಕಿತು. ಈಗ ಬಸ್ ಸ್ಟ್ಯಾಂಡಿನ ಫ್ಲೆಕ್ಸು ಯಾವುದು, ಸರ್ಕಾರಿ ಜಾಹೀರಾತು ಯಾವುದು ಅಂತ ದೂರದಿಂದ ಹೇಳೋಕಾಗಲ್ಲ.

ಜಿಲ್ಲೆಗೆ ಇಳಿದು ಬಂದರೆ ಇದೇ ಕಥೆ ಇನ್ನೂ ಬೆತ್ತಲೆಯಾಗಿ ಕಾಣುತ್ತದೆ. ನನಗೆ ಪರಿಚಯದ ಒಬ್ಬರು ಚಾನೆಲ್ಲೊಂದಕ್ಕೆ ಸುದ್ದಿ ಕಳಿಸುತ್ತಾರೆ. ಹೆಸರು ಬೇಡ. ಸಂಬಳ ಅಂತ ಹೇಳಿಕೊಳ್ಳುವಂಥದ್ದಿಲ್ಲ, ಪೆಟ್ರೋಲಿಗೂ ಸಾಲದು. ಯುಗಾದಿಗೆ, ರಾಜ್ಯೋತ್ಸವಕ್ಕೆ, ನಾಯಕರ ಹುಟ್ಟುಹಬ್ಬಕ್ಕೆ ಶುಭಾಶಯದ ಜಾಹೀರಾತು ತಂದರೆ ಅದರಲ್ಲಿ ಕಮಿಷನ್. "ಬೆಳಿಗ್ಗೆ ಯಾರ ಹತ್ತಿರ ಆ್ಯಡ್ ಕೇಳೋಕೆ ಹೋಗ್ತೀನೋ, ಮಧ್ಯಾಹ್ನ ಅವರ ಕಾಮಗಾರಿ ಕಳಪೆ ಅಂತ ಹೇಗಣ್ಣ ಹಾಕಲಿ?" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಚುನಾವಣೆ ಹೊತ್ತಿಗೆ ಇದೇ ವ್ಯವಹಾರ ಪ್ಯಾಕೇಜ್ ಆಗುತ್ತದೆ. 2009ರ ಲೋಕಸಭಾ ಚುನಾವಣೆಯ ಕಾಸಿನ ಸುದ್ದಿ, ಅಂದರೆ ದುಡ್ಡು ಇಸಿದುಕೊಂಡು ಸುದ್ದಿಯ ವೇಷದಲ್ಲಿ ಹಾಕಿದ ಪ್ರಚಾರದ ಬಗ್ಗೆ ಪ್ರೆಸ್ ಕೌನ್ಸಿಲ್ 2010ರಲ್ಲಿ ವರದಿಯನ್ನೇ ತಂದಿತು.

ನಮ್ಮ ಜಿಲ್ಲೆಯ ನರಸಾಪುರದ ಉದಾಹರಣೆ ಹೇಳದೆ ಮುಂದೆ ಹೋಗೋಕಾಗಲ್ಲ. 2020ರ ಡಿಸೆಂಬರ್ 12ರಂದು ಬೆಳಿಗ್ಗೆ ಐಫೋನ್ ಜೋಡಿಸುವ ವಿಸ್ಟ್ರಾನ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕಾರ್ಮಿಕರು ಸಂಬಳದ ವಿಚಾರಕ್ಕೆ ಸಿಟ್ಟೆದ್ದು ಗಾಜು ಒಡೆದರು, ಗಾಡಿ ಉರುಳಿಸಿದರು. ಅದು ತಪ್ಪೇ. ಆದರೆ ಸುದ್ದಿ ಹೇಗೆ ಹೋಯಿತು ನೋಡಿ. ಕಂಪನಿ ಕಡೆಯವರು ಪೊಲೀಸರಿಗೆ ಕೊಟ್ಟ ದೂರಿನಲ್ಲಿ 437 ಕೋಟಿ ನಷ್ಟ ಅಂತ ಇತ್ತು. ಅದೇ ಅಂಕಿ ಎಲ್ಲಾ ಕಡೆ ತಲೆಬರಹ ಆಯಿತು. ಕೆಲವೇ ದಿನಕ್ಕೆ ಅದೇ ಕಂಪನಿ ತೈವಾನಿನ ಷೇರುಪೇಟೆಗೆ ಕೊಟ್ಟ ಲೆಕ್ಕದಲ್ಲಿ ನಷ್ಟ 10ರಿಂದ 20 ಕೋಟಿ ತೈವಾನ್ ಡಾಲರ್ ಅಂದಿತು, ನಮ್ಮ ದುಡ್ಡಿನಲ್ಲಿ ಸುಮಾರು 26ರಿಂದ 52 ಕೋಟಿ. ಹತ್ತನೇ ಒಂದು ಭಾಗದ ಹತ್ತಿರ ಹತ್ತಿರ! ಸಂಬಳ, ಹಾಜರಿ, ಕೆಲಸದ ಗಂಟೆ, ಎಲ್ಲದರಲ್ಲೂ ಲೋಪ ಇದೆ ಅಂತ ರಾಜ್ಯದ ಕಾರ್ಖಾನೆ ಇಲಾಖೆಯೇ ಹೇಳಿತು. ಆ್ಯಪಲ್ ಕಂಪನಿ ಕೂಡ ವಿಸ್ಟ್ರಾನನ್ನು ಪರೀಕ್ಷಾ ಅವಧಿಯಲ್ಲಿಟ್ಟು, ಸರಿ ಮಾಡಿಕೊಳ್ಳುವವರೆಗೆ ಹೊಸ ಕೆಲಸ ಕೊಡಲ್ಲ ಅಂತ ಪ್ರಕಟಿಸಿತು. ಈಗ ಟೀ ಅಂಗಡಿಯಲ್ಲಿ ಕೇಳಿ, ಜನಕ್ಕೆ ನೆನಪಿರುವುದು ಒಡೆದ ಗಾಜು ಮತ್ತು 437. ಯಾರೂ ಸುಳ್ಳು ಹೇಳಲಿಲ್ಲ. ದೂರಿನಲ್ಲಿ ಆ ಅಂಕಿ ಇದ್ದದ್ದು ನಿಜ. ಮೂರು ತಿಂಗಳಿಂದ ಸಂಬಳದ ಚೀಟಿ ಹಿಡಿದು ಅಲೆಯುವ ಹುಡುಗರ ಜೊತೆ ಓಡಾಡಿ ಸುದ್ದಿ ಮಾಡುವ ವರದಿಗಾರನಿಗೆ ಸಂಬಳ ಕೊಡೋರು ಯಾರೂ ಇಲ್ಲ, ಗಾಜು ಒಡೆದ ವಿಡಿಯೊ ಮಾತ್ರ ವಾಟ್ಸಾಪಿನಲ್ಲಿ ಬಿಟ್ಟಿ ಸಿಗುತ್ತದೆ. ಅಷ್ಟೇ ವ್ಯತ್ಯಾಸ.

ಹಾಗಾದರೆ ಜಾಹೀರಾತಿನ ಹಂಗು ಅಷ್ಟಾಗಿ ಇಲ್ಲದ ದೂರದರ್ಶನ, ಆಕಾಶವಾಣಿ ಈ ಕೆಲಸ ಮಾಡಬೇಕಿತ್ತು. ಯಾಕೆ ಮಾಡಲ್ಲ?

ಆಕಾಶವಾಣಿ ಅನ್ನುವ ಹೆಸರೇ ನಮ್ಮ ಮೈಸೂರಿನದು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ಶುರು ಮಾಡಿದ ರೇಡಿಯೊಗೆ ಇಟ್ಟ ಹೆಸರು. ಸರ್ಕಾರದ್ದಲ್ಲದ ಒಂದು ರೇಡಿಯೊದಿಂದ ಬಂದ ಹೆಸರು ಕೊನೆಗೆ ಸರ್ಕಾರದ ದನಿಗೆ ಅಂಟಿಕೊಂಡಿತು. ತುರ್ತು ಪರಿಸ್ಥಿತಿಯಲ್ಲಿ ಆ ದನಿ ಸರ್ಕಾರ ಹೇಳಿದ್ದನ್ನಷ್ಟೇ ಓದಿತು ಅಂತ ಹಿರಿಯರಿಗೆ ಗೊತ್ತು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಅವರಿಗೆ ಗುಂಡು ಬಿದ್ದಿದ್ದು ಬೆಳಿಗ್ಗೆ. ಆಕಾಶವಾಣಿ ಸಾವನ್ನು ಹೇಳಿದ್ದು ಸಂಜೆ. ಅಷ್ಟು ಹೊತ್ತಿಗೆ ಬಿಬಿಸಿ ಕೇಳಿದವರಿಗೆಲ್ಲ ವಿಷಯ ಗೊತ್ತಾಗಿತ್ತು.

ಇಲ್ಲಿ ಒಂದು ಮಾತು. ಆಗೆಲ್ಲ ರೇಡಿಯೊಗೆ ಲೈಸೆನ್ಸ್ ಇತ್ತು. ನಮ್ಮ ತಾತ ಪೋಸ್ಟ್ ಆಫೀಸಿಗೆ ಹೋಗಿ ವರ್ಷ ವರ್ಷ ದುಡ್ಡು ಕಟ್ಟಿ ಸಣ್ಣ ಪುಸ್ತಕಕ್ಕೆ ಸೀಲ್ ಹಾಕಿಸಿಕೊಂಡು ಬರುತ್ತಿದ್ದರಂತೆ. ಆ ಪುಸ್ತಕ ಈಗಲೂ ಟ್ರಂಕಿನಲ್ಲಿದೆ. 1980ರ ದಶಕದ ಮಧ್ಯದಲ್ಲಿ ಆ ಲೈಸೆನ್ಸ್ ರದ್ದಾಯಿತು. ಜನರೇ ನೇರವಾಗಿ ದುಡ್ಡು ಕೊಟ್ಟರೆ ಮಾಧ್ಯಮ ಸ್ವತಂತ್ರವಾಗುತ್ತೆ ಅಂತ ವಾದ ಮಾಡುವವರಿಗೆ ತಾತನ ಪುಸ್ತಕ ತೋರಿಸಬೇಕು. ಜನರು ದುಡ್ಡು ಕಟ್ಟುತ್ತಿದ್ದಾಗಲೇ ತುರ್ತು ಪರಿಸ್ಥಿತಿಯ ಸುದ್ದಿ ಓದಿದ್ದು. ದುಡ್ಡು ಜನರದ್ದೇ, ಆದರೆ ಹೋಗುತ್ತಿದ್ದದ್ದು ಸರ್ಕಾರದ ಖಜಾನೆಗೆ, ಆಕಾಶವಾಣಿ ಇದ್ದದ್ದು ಮಂತ್ರಿಯ ಕೈಕೆಳಗಿನ ಒಂದು ಇಲಾಖೆಯಾಗಿ.

ಅದನ್ನು ಸರಿ ಮಾಡೋಕೆ ಅಂತಲೇ 1978ರಲ್ಲಿ ವರ್ಗೀಸ್ ಸಮಿತಿ ವರದಿ ಕೊಟ್ಟಿತು. 1990ರಲ್ಲಿ ದೂರದರ್ಶನ, ಆಕಾಶವಾಣಿ ಎರಡನ್ನೂ ಸ್ವಾಯತ್ತ ನಿಗಮಕ್ಕೆ ಒಪ್ಪಿಸುವ ಪ್ರಸಾರ ಭಾರತಿ ಕಾಯ್ದೆ ಆಯಿತು. ಜಾರಿಗೆ ಬಂದದ್ದು 1997ರಲ್ಲಿ. ನಡುವೆ 1995ರಲ್ಲಿ ಸುಪ್ರೀಂ ಕೋರ್ಟ್, ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ, ಸರ್ಕಾರದ ಸ್ವತ್ತಲ್ಲ ಅಂತ ಹೇಳಿತ್ತು. ಕಾಗದದ ಮೇಲೆ ಎಲ್ಲಾ ಚೆನ್ನಾಗಿದೆ. ಅಧ್ಯಕ್ಷರನ್ನು ಆರಿಸುವ ಸಮಿತಿಯಲ್ಲಿ ರಾಜ್ಯಸಭೆಯ ಸಭಾಪತಿ, ಪ್ರೆಸ್ ಕೌನ್ಸಿಲ್ ಅಧ್ಯಕ್ಷರು ಇದ್ದಾರೆ. ಮಂತ್ರಿಯ ಹೆಸರಿಲ್ಲ. ಆದರೆ ದುಡ್ಡು ಬರುವ ದಾರಿ ಬದಲಾಗಲಿಲ್ಲ. ವರ್ಷಕ್ಕೆ ಎರಡೂವರೆ ಸಾವಿರ ಕೋಟಿಗೂ ಜಾಸ್ತಿ ಅನುದಾನ ಅದೇ ವಾರ್ತಾ ಸಚಿವಾಲಯದ ಮೂಲಕ ಬರುತ್ತದೆ, ಅದರಲ್ಲಿ ಬಹುಪಾಲು ಸಂಬಳಕ್ಕೇ ಹೋಗುತ್ತದೆ. ಬರುವ ವರ್ಷದ ಸಂಬಳ ಯಾರ ಸಹಿಯಿಂದ ಬರಬೇಕೋ ಅವರ ವಿರುದ್ಧ ಈ ವರ್ಷ ಯಾರು ಸುದ್ದಿ ಮಾಡುತ್ತಾರೆ?

ಫಲ ಕಣ್ಣೆದುರಿಗಿದೆ. 2014ರಲ್ಲಿ ಆರ್‌ಎಸ್‌ಎಸ್ ಮುಖ್ಯಸ್ಥರ ವಿಜಯದಶಮಿ ಭಾಷಣ ದೂರದರ್ಶನದಲ್ಲಿ ನೇರಪ್ರಸಾರ ಆಯಿತು. 2017ರ ಸ್ವಾತಂತ್ರ್ಯ ದಿನಕ್ಕೆ ತ್ರಿಪುರಾದ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಭಾಷಣವನ್ನು ಬದಲಾಯಿಸಿ ಕೊಟ್ಟರೆ ಮಾತ್ರ ಹಾಕುತ್ತೇವೆ ಅಂದರು, ಅವರು ಒಪ್ಪಲಿಲ್ಲ, ಇವರು ಹಾಕಲಿಲ್ಲ. ಚುನಾಯಿತ ಮುಖ್ಯಮಂತ್ರಿಯ ಭಾಷಣ ಅದು. ಇದು ಈಗಿನ ಸರ್ಕಾರದ ಕಾಯಿಲೆ ಮಾತ್ರ ಅಂತ ಕಾಂಗ್ರೆಸ್ಸಿನವರು ಹೇಳಿದರೆ ನಗು ಬರುತ್ತದೆ. ಬೀಗದ ಕೈ ಮಾಡಿಸಿ ಇಟ್ಟವರೇ ಅವರು.

ಆದರೂ ಅಪ್ಪನ ರೇಡಿಯೊವನ್ನು ನಾನು ಪೂರ್ತಿ ಬೈಯಲಾರೆ. ಕೃಷಿಯ ಮಾಹಿತಿ, ಹವಾಮಾನ, ಧಾರಣೆ, ಇವನ್ನು ಟಿಆರ್‌ಪಿ ನೋಡದೆ ದಿನಾ ಕೊಡುವವರು ಅವರೇ. ಯಾವ ಜಾಹೀರಾತುದಾರನೂ ರಾಗಿ ಬೆಳೆಯುವವನಿಗೋಸ್ಕರ ಬೆಳಿಗ್ಗೆ ಎದ್ದು ದುಡ್ಡು ಹಾಕುವುದಿಲ್ಲ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ಓಡುವುದು ತೆಲುಗು ಚಾನೆಲ್. ಅವರಿಗೆ ಆಂಧ್ರದ ರಾಜಕೀಯ ಗೊತ್ತು, ಮದನಪಲ್ಲಿ ಮಾರ್ಕೆಟ್ಟಿನ ರೇಟು ಗೊತ್ತು, ತಮ್ಮ ತಾಲ್ಲೂಕಿನ ಸುದ್ದಿ ಗೊತ್ತಿಲ್ಲ. ಆ ಚಾನೆಲ್‌ಗೆ ನಾವು ಗಡಿಯಾಚೆಯವರು, ಕನ್ನಡ ಚಾನೆಲ್‌ಗೆ ನಾವು ಬೆಂಗಳೂರಿನ ಆಚೆಯವರು.

ನಮ್ಮ ಕಡೆಗೆ ಕುಡಿಯುವ ನೀರು ತರುವ ಎತ್ತಿನಹೊಳೆ ಯೋಜನೆ ನೋಡಿ. 2012ರಲ್ಲಿ 8,323 ಕೋಟಿ ಅಂದರು, 2014ಕ್ಕೆ 12,912 ಕೋಟಿ ಆಯಿತು, 2023ಕ್ಕೆ 23,251 ಕೋಟಿ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆದಾಗ ಕ್ಯಾಮೆರಾ ಇತ್ತು, 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಹತ್ತಿರ ಮೊದಲ ಹಂತ ಉದ್ಘಾಟನೆಯಾದಾಗಲೂ ಇತ್ತು. ನಡುವಿನ ಹತ್ತು ವರ್ಷ ಪೈಪಿನ ಜೊತೆ ನಡೆದು, ಎಷ್ಟು ನೀರು, ಎಲ್ಲಿಂದ, ಯಾವಾಗ ಅಂತ ತಿಂಗಳಿಗೊಮ್ಮೆಯಾದರೂ ಕೇಳುವ ಕೆಲಸಕ್ಕೆ ಸರ್ಕಾರಿ ವಾಹಿನಿಯ ಹತ್ತಿರ ಧೈರ್ಯ ಇಲ್ಲ, ಖಾಸಗಿಯವರ ಹತ್ತಿರ ಪುರಸೊತ್ತಿಲ್ಲ.

ಹೊರದೇಶದಲ್ಲಿ ಇದಕ್ಕೆ ಏನು ಮಾಡಿದ್ದಾರೆ ಅಂತ ಸ್ವಲ್ಪ ನೋಡಬಹುದು. ಬ್ರಿಟನ್‌ನಲ್ಲಿ ಬಿಬಿಸಿಗೆ ಮನೆ ಮನೆಯವರು ಲೈಸೆನ್ಸ್ ಶುಲ್ಕ ಕಟ್ಟುತ್ತಾರೆ, 2025ರ ಏಪ್ರಿಲ್‌ನಲ್ಲಿ ಅದು ವರ್ಷಕ್ಕೆ 174.50 ಪೌಂಡ್ ಆಯಿತು. ಬಿಬಿಸಿಯ ಈಗಿನ ಚಾರ್ಟರ್, ಅಂದರೆ ಅದು ನಡೆಯಬೇಕಾದ ರೀತಿಯನ್ನು ಬರೆದಿಟ್ಟ ಸನ್ನದು, ಇರುವುದು 2027ರ ಕೊನೆವರೆಗೆ. ಹೀಗಾಗಿ ಸಿಟ್ಟು ಬಂದ ಮಂತ್ರಿ ಮಾರನೇ ದಿನವೇ ದುಡ್ಡು ನಿಲ್ಲಿಸೋಕಾಗಲ್ಲ. ಆದರೆ ಶುಲ್ಕ ಎಷ್ಟು ಅಂತ ತೀರ್ಮಾನಿಸುವುದು ಸರ್ಕಾರವೇ, 2022ರಲ್ಲಿ ಎರಡು ವರ್ಷಕ್ಕೆ ಶುಲ್ಕವನ್ನು ಏರಿಸದೆ ಹಿಡಿದಿಟ್ಟರು, ಅದೂ ಒಂದು ರೀತಿ ಕಿವಿ ಹಿಂಡುವುದೇ. ಜರ್ಮನಿಯವರದು ನನಗೆ ಇನ್ನೂ ಹಿಡಿಸುತ್ತದೆ. ಪ್ರತಿ ಮನೆಗೆ ತಿಂಗಳಿಗೆ 18.36 ಯೂರೊ. ಎಷ್ಟು ಬೇಕು ಅಂತ ಲೆಕ್ಕ ಹಾಕಿ ಹೇಳುವುದು ಒಂದು ಸ್ವತಂತ್ರ ಆಯೋಗ. ಒಂದು ರಾಜ್ಯ ಶುಲ್ಕದ ಏರಿಕೆಗೆ ಅಡ್ಡ ಬಂದಾಗ 2021ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ರಾಜ್ಯದ ಮಾತನ್ನು ಒಪ್ಪಲಿಲ್ಲ. ಅಮೆರಿಕದಲ್ಲಿ ಉಲ್ಟಾ. 1967ರ ಕಾಯ್ದೆಯಿಂದ ಹುಟ್ಟಿದ ಸಾರ್ವಜನಿಕ ಪ್ರಸಾರ ನಿಗಮದ 110 ಕೋಟಿ ಡಾಲರನ್ನು 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು ವಾಪಸ್ ಪಡೆಯಿತು, ಮಾರನೇ ತಿಂಗಳೇ ನಿಗಮ ಬಾಗಿಲು ಮುಚ್ಚುತ್ತೇವೆ ಅಂತ ಪ್ರಕಟಿಸಿತು. ಹೆಚ್ಚು ಪೆಟ್ಟು ಬೀಳುವುದು ಸಣ್ಣ ಊರುಗಳ ಸ್ಟೇಷನ್‌ಗಳಿಗೆ, ಅಂದರೆ ಅಲ್ಲಿನ ಕೋಲಾರಗಳಿಗೆ.

ನಮ್ಮಲ್ಲಿ ಮನೆಮನೆಗೆ ಶುಲ್ಕ ಹಾಕಿ ಅಂದರೆ ಜನ ಹೊಡೆಯೋಕೆ ಬರುತ್ತಾರೆ, ಬರಲೂಬೇಕು. ಅನುದಾನವನ್ನೇ ಐದು ವರ್ಷಕ್ಕೆ ಒಂದೇ ಸಲ ಕಾನೂನಿನಲ್ಲಿ ಬರೆದು, ಸಚಿವಾಲಯದ ಕೈಯಿಂದ ತೆಗೆದು ಸಂಸತ್ತಿಗೆ ನೇರ ಲೆಕ್ಕ ಕೊಡುವ ಹಾಗೆ ಮಾಡಿದರೆ ಒಂದು ರೂಪಾಯಿ ಜಾಸ್ತಿ ಖರ್ಚಿಲ್ಲ. ಆದರೆ ಅದನ್ನು ಮಾಡಬೇಕಾದವರು ಅಧಿಕಾರದಲ್ಲಿರುವವರು. ವಿರೋಧ ಪಕ್ಷದಲ್ಲಿದ್ದಾಗ ಎಲ್ಲರಿಗೂ ಪ್ರಸಾರ ಭಾರತಿ ಸ್ವತಂತ್ರವಾಗಬೇಕು ಅನಿಸುತ್ತದೆ, ವಿಧಾನಸೌಧವೋ ದೆಹಲಿಯೋ ಸಿಕ್ಕ ಮೇಲೆ ಮರೆತುಹೋಗುತ್ತದೆ.

ಇದಕ್ಕಿಂತ ಸುಲಭದ್ದು ಇನ್ನೊಂದಿದೆ, ಅದನ್ನು ಯಾರೂ ಮಾತಾಡುವುದೇ ಇಲ್ಲ. ಈ ದೇಶದಲ್ಲಿ ಖಾಸಗಿ ಟಿವಿ ಚಾನೆಲ್ 24 ಗಂಟೆ ಸುದ್ದಿ ಹೇಳಬಹುದು. ರೇಡಿಯೊ ಹೇಳುವ ಹಾಗಿಲ್ಲ. ಖಾಸಗಿ ಎಫ್‌ಎಂ ಆಗಲಿ, ಹಳ್ಳಿಯ ಸಮುದಾಯ ರೇಡಿಯೊ ಆಗಲಿ ಸ್ವಂತ ಸುದ್ದಿ ಮಾಡುವಂತಿಲ್ಲ, ಬೇಕಿದ್ದರೆ ಆಕಾಶವಾಣಿಯ ಸುದ್ದಿಯನ್ನು ಹಾಗ್ಹಾಗೇ ಹಾಕಬಹುದು. ಟಿವಿ ಚಾನೆಲ್ ನಡೆಸೋಕೆ ಕೋಟಿ ಕೋಟಿ ಬೇಕು, ಸಣ್ಣ ರೇಡಿಯೊಗೆ ಅಷ್ಟು ಬೇಡ. ಕಡಿಮೆ ದುಡ್ಡಿನಲ್ಲಿ ಆಗುವ ಕೆಲಸಕ್ಕೇ ಬೀಗ.

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ 2000ದ ದಶಕದ ಶುರುವಿನಲ್ಲಿ "ನಮ್ಮ ಧ್ವನಿ" ಅನ್ನುವ ಸಮುದಾಯ ರೇಡಿಯೊ ಹುಟ್ಟಿತು, ದೇಶದಲ್ಲೇ ಮೊದಮೊದಲ ಪ್ರಯತ್ನಗಳಲ್ಲಿ ಒಂದು. ಆಗ ಇಂಥವರಿಗೆ ತರಂಗದ ಲೈಸೆನ್ಸೇ ಸಿಗುತ್ತಿರಲಿಲ್ಲ. ಊರಿನವರು ಸುಮ್ನೆ ಕೂರಲಿಲ್ಲ, ಕೇಬಲ್ ಎಳೆದು ಮನೆಗಳಿಗೆ ದನಿ ಮುಟ್ಟಿಸಿದರು. ಸಂಘ ಸಂಸ್ಥೆಗಳಿಗೂ ಲೈಸೆನ್ಸ್ ಕೊಡಬಹುದು ಅಂತ ಸರ್ಕಾರಕ್ಕೆ ಅನಿಸಿದ್ದು 2006ರಲ್ಲಿ. ಆಗಲೂ ಸುದ್ದಿ ಬೇಡ ಅನ್ನುವ ಷರತ್ತು ಹಾಗೇ ಉಳಿಯಿತು. ಸುದ್ದಿ ಅಲ್ಲ ಅಂತ ಬಿಟ್ಟಿರುವ ವಿಷಯಗಳ ಪಟ್ಟಿ ಇದೆ, ಓದಬೇಕು ನೀವು. ಹವಾಮಾನ, ಟ್ರಾಫಿಕ್, ಪರೀಕ್ಷೆ, ರಿಸಲ್ಟು, ಉದ್ಯೋಗ, ಕರೆಂಟು, ನೀರು ಸರಬರಾಜಿನ ಪ್ರಕಟಣೆ. ಅಂದರೆ ನಾಳೆ ನೀರು ಬರಲ್ಲ ಅಂತ ರೇಡಿಯೊದಲ್ಲಿ ಹೇಳಬಹುದು. ಯಾಕೆ ಬರಲ್ಲ, ಟ್ಯಾಂಕರ್ ಯಾರದು, ಬಿಲ್ ಯಾರು ಪಾಸ್ ಮಾಡಿದರು ಅಂತ ಕೇಳಿದರೆ ಅದು ಸುದ್ದಿಯಾಗುತ್ತದೆ, ಷರತ್ತು ಮುರಿದ ಹಾಗೆ.

2023ರ ಸೆಪ್ಟೆಂಬರ್‌ನಲ್ಲಿ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಒಂದು ಶಿಫಾರಸು ಮಾಡಿತು. ಖಾಸಗಿ ಎಫ್‌ಎಂಗಳಿಗೆ ಗಂಟೆಗೆ 10 ನಿಮಿಷ ಸುದ್ದಿಗೆ ಅವಕಾಶ ಕೊಡಿ ಅಂತ. ಹತ್ತು ನಿಮಿಷ ಕಡಿಮೆಯೇನಲ್ಲ. ನಮ್ಮ ಮಂಡಿಯ ಮುಂದೆ ನಿಂತು ಇವತ್ತು ಬಾಕ್ಸಿಗೆ ಯಾಕೆ ಇಷ್ಟೇ ಬಂತು ಅಂತ ರೈತನನ್ನು, ದಲ್ಲಾಳಿಯನ್ನು, ದೆಹಲಿಗೆ ಲೋಡ್ ಕಳಿಸುವ ವ್ಯಾಪಾರಿಯನ್ನು, ಮೂವರನ್ನೂ ಕೇಳಬಹುದು. ಶುಭಾಶಯದ ಜಾಹೀರಾತಿಗೂ ಒಂದು ನಿಮಿಷ ಮಿಗುತ್ತದೆ.